ಬಾತ್‌ರೂಮಿಗೆ ಯಾವ ವ್ಯಾನಿಟಿ? ನಮ್ಮ ಕಡೆಯ ಮಳೆ, ನೀರು, ಗೋಡೆ ನೋಡಿ ಆರಿಸುವುದು ಹೇಗೆ

ವ್ಯಾನಿಟಿ ಅಂದ್ರೆ ಮುಖ ತೊಳೆಯುವ ಬೇಸಿನ್, ಅದು ಕೂರುವ ಕಲ್ಲು, ಕೆಳಗಿನ ಕಪಾಟಿನ ಪೆಟ್ಟಿಗೆ ಎಲ್ಲ ಸೇರಿದ್ದು. ಅದನ್ನು ನೋಡ್ಲಿಕ್ಕೆ ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಮನೆಯವರೆಲ್ಲರ ಸ್ನಾನ ಮುಗಿದು ಹತ್ತು ನಿಮಿಷ ಕಳೆದ ಮೇಲೆ ಬಾತ್‌ರೂಮಿನ ಬಾಗಿಲಲ್ಲಿ ನಿಂತು ಒಳಗೆ ನೋಡಿ, ನೆಲದಲ್ಲಿ ಎಲ್ಲೆಲ್ಲಿ ನೀರು ನಿಂತಿದೆ, ಗೋಡೆಗೆ ಎಷ್ಟು ಎತ್ತರದವರೆಗೆ ಹನಿ ಹಾರಿದೆ, ಬಾಗಿಲಿನ ಹತ್ರ ಆದ್ರೂ ಒಣಗಿದೆಯಾ ಇಲ್ಲವಾ ಅಂತ. ಯಾವ ವ್ಯಾನಿಟಿ ಬೇಕು ಅನ್ನುವುದರಲ್ಲಿ ಅರ್ಧ ಅಲ್ಲೇ ತೀರ್ಮಾನ ಆಗ್ತದೆ. ಫೋನಿನಲ್ಲಿ ಕಾಣುವ ಚಂದ ಚಂದದ ವ್ಯಾನಿಟಿಗಳು ಹೆಚ್ಚಿನವು ನೆಲ ಒಣಗಿಯೇ ಇರುವ ಬಾತ್‌ರೂಮಿಗೆ ಅಂತ ಮಾಡಿದ್ದು, ಅಲ್ಲಿ ಸ್ನಾನ ಟಬ್ಬಿನಲ್ಲಿ ಅಥವಾ ಗಾಜಿನ ಗೋಡೆಯ ಒಳಗೆ. ನಮ್ಮಲ್ಲಿ ಬಕೆಟ್ಟು ಮಗ್ಗಿನ ಸ್ನಾನ, ಆಮೇಲೆ ಇಡೀ ನೆಲಕ್ಕೆ ನೀರು ಹೊಡೆದು ಹಿಡಿಸೂಡಿಯಲ್ಲಿ ತಿಕ್ಕಿ ತೊಳೆಯುದು, ಅದೂ ಸಾಲದ್ದಕ್ಕೆ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುವ ನಮ್ಮ ಕಾಸರಗೋಡು ಜಿಲ್ಲೆ, ಜೂನಿಂದ ಸೆಪ್ಟೆಂಬರ್‌ವರೆಗೆ ಹಾಕಿದ ಬಟ್ಟೆಯೇ ಒಣಗುದಿಲ್ಲ ಹೇಳಿದ ಮೇಲೆ ಬಾತ್‌ರೂಮಿನ ಒಳಗಿನ ಮರದ ಪೆಟ್ಟಿಗೆಯ ಕತೆ ಯೋಚನೆ ಮಾಡಿ.

ಬದಿಯಡ್ಕದ ಹತ್ರ ನಮ್ಮ ಮನೆಯಲ್ಲಿ ಆರು ವರ್ಷದ ಹಿಂದೆ ಎರಡು ಅಡಿಯ ಒಂದು ರೆಡಿಮೇಡ್ ವ್ಯಾನಿಟಿ ತಂದು ಇಟ್ಟಿದ್ದೆವು, ಬಿಳಿ ಬಣ್ಣದ್ದು, ನೆಲದ ಮೇಲೆ ಕೂರುವಂಥದ್ದು. ಒಳಗಿನ ಬೋರ್ಡು ಎಂಡಿಎಫ್ ಅಂತ ಗೊತ್ತಾದದ್ದು ಅದು ಹಾಳಾದ ಮೇಲೆ. ಎರಡನೇ ಮಳೆಗಾಲಕ್ಕೆ ಕೆಳಗಿನ ಅಂಚು ನೆನೆಹಾಕಿದ ಅವಲಕ್ಕಿ ಹಾಗೆ ಉಬ್ಬಿತು, ಆಮೇಲೆ ಬಾಗಿಲು ಹಾಕ್ಲಿಕ್ಕೆ ಆಗ್ಲಿಲ್ಲ, ಆಮೇಲೆ ಬೇಸಿನ್ನೇ ಒಂದು ಬದಿಗೆ ವಾಲ್ಲಿಕ್ಕೆ ಶುರು. ತೆಗೆದು ನೋಡಿದ್ರೆ ಹಿಂದೆ ಗೋಡೆಯುದ್ದಕ್ಕೂ ಒರಲೆ ದಾರಿ. ಅಮ್ಮ ದಿನಾ ಬೆಳಿಗ್ಗೆ ಅದೇ ಬೇಸಿನ್ ಹಿಡ್ಕೊಂಡು ನಿಂತು ಮುಖ ತೊಳಿತಿದ್ದದ್ದು, ಅದು ಕಳಚಿ ಬೀಳುವ ಮೊದಲು ನಮ್ಮ ಕಣ್ಣಿಗೆ ಬಿತ್ತಲ್ಲ ಅಂತ ಈಗಲೂ ಅನಿಸ್ತದೆ. ಹಾಗಾಗಿ ಈ ಸರ್ತಿ ನಮ್ಮ ಮನೆಯ ಎರಡು ಬಾತ್‌ರೂಮು ರಿಪೇರಿ, ಕುಂಬಳೆಯಲ್ಲಿ ತಂಗಿಯ ಹೊಸ ಮನೆಯದ್ದು ಒಂದು, ಒಟ್ಟು ಮೂರಕ್ಕೆ ಕಾಸರಗೋಡು, ಉಪ್ಪಳ, ಮಂಗಳೂರು ಅಂತ ನಾಲ್ಕು ತಿಂಗಳು ಅಂಗಡಿ ಸುತ್ತಿ, ಆಚಾರಿ, ಮೇಸ್ತ್ರಿ, ಪ್ಲಂಬರ್ ಎಲ್ಲರ ಹತ್ರ ಕೇಳಿ ಕೇಳಿ ತಿಳ್ಕೊಂಡದ್ದನ್ನು ಬರಿತಾ ಇದ್ದೇನೆ.

ಯಾವ ವ್ಯಾನಿಟಿ ಅಂತ ಕೇಳುವ ಮೊದಲು, ಕೆಳಗೆ ಪೆಟ್ಟಿಗೆ ಬೇಕಾ ಬೇಡವಾ ಅಂತ ಕೇಳಿ. ಬಾತ್‌ರೂಮು 4 ಅಡಿ 6 ಅಡಿಯದ್ದಾದ್ರೆ, ಸ್ನಾನ ಕಮೋಡು ಬೇಸಿನ್ ಎಲ್ಲ ಒಂದೇ ಕಡೆ ಆದ್ರೆ, ನನ್ನ ಪ್ರಕಾರ ಅಲ್ಲಿ ಬಾಗಿಲು ಇರುವ ಪೆಟ್ಟಿಗೆ ಯಾವ ಮೆಟೀರಿಯಲ್‌ನದ್ದೂ ಬೇಡ. ಗೋಡೆಗೆ ಒಂದು ಗ್ರಾನೈಟ್ ಸ್ಲ್ಯಾಬ್, ಅದರಲ್ಲಿ ಬೇಸಿನ್, ಕೆಳಗೆ ಖಾಲಿ, ಗೋಡೆಯಲ್ಲಿ ಮೇಲೆ ಕನ್ನಡಿಯ ಹಿಂದೆ ಸಾಮಾನು ಇಡ್ಲಿಕ್ಕೆ ಒಂದು ಚಿಕ್ಕ ಕಪಾಟು, ಇಷ್ಟು ಸಾಕು. ಗಾಳಿ ಆಡ್ತದೆ, ಪೈಪ್ ಲೀಕ್ ಆದ್ರೆ ಅದೇ ದಿನ ಕಣ್ಣಿಗೆ ಕಾಣ್ತದೆ. ಬಾತ್‌ರೂಮು 5 ಅಡಿ 8 ಅಡಿಗಿಂತ ದೊಡ್ಡದಾಗಿದ್ದು ಸ್ನಾನದ ಜಾಗಕ್ಕೆ ಗಾಜು ಹಾಕಿದ್ರೆ, ಅಥವಾ ಕನಿಷ್ಠ ಒಂದು ಇಂಚಿನ ಕಟ್ಟೆ ಕಟ್ಟಿ ನೆಲದ ಇಳಿಜಾರು ಸರಿ ಕೊಟ್ಟಿದ್ರೆ ಮಾತ್ರ ಪೆಟ್ಟಿಗೆಯ ವಿಷಯ ಮಾತಾಡುವ. ಇನ್ನೊಂದು ದಾರಿಯೂ ಉಂಟು, ನಮ್ಮ ಕಡೆ ಮನೆಗಳಲ್ಲಿ ಊಟದ ಹಾಲ್‌ನ ಮೂಲೆಯಲ್ಲಿ ಕೈ ತೊಳಿಲಿಕ್ಕೆ ಹೇಗೂ ಒಂದು ಬೇಸಿನ್ ಇರ್ತದಲ್ಲ, ಚಂದದ ವ್ಯಾನಿಟಿಗೆ ದುಡ್ಡು ಹಾಕುವ ಆಸೆ ಇದ್ರೆ ಅಲ್ಲಿಗೆ ಹಾಕಿ. ಅಲ್ಲಿ ನೆಲ ಒಣ, ಬರುವ ಹೋಗುವ ನೆಂಟರಿಗೂ ಕಾಣುವ ಜಾಗ.

ಪೆಟ್ಟಿಗೆ ಬೇಕೇ ಬೇಕು ಅಂತಾದ್ರೆ ನೆಲದ ಮೇಲೆ ಕೂರುವುದಾ ಗೋಡೆಗೆ ತೂಗು ಹಾಕುವುದಾ ಅಂತ ಬರ್ತದೆ. ಇದರಲ್ಲಿ ನನಗೆ ಎರಡು ಮಾತಿಲ್ಲ, ತೂಗು ಹಾಕುವುದೇ, ನೆಲದಿಂದ ಕಮ್ಮಿ ಅಂದ್ರೂ 10 ಇಂಚು ಮೇಲೆ. ತೊಳೆದ ನೀರು ತಾಗುದಿಲ್ಲ, ಹಿಡಿಸೂಡಿ ಅಡಿಗೆ ಹೋಗ್ತದೆ, ಒರಲೆ ಬಂದ್ರೂ ಗೋಡೆಯಲ್ಲಿ ಮಣ್ಣಿನ ಗೆರೆ ಕಾಣ್ತದೆ. ಆದ್ರೆ ಇಲ್ಲಿ ನಮ್ಮ ಮುರಕಲ್ಲಿನ, ಅಂದ್ರೆ ಮೆದು ಕೆಂಪು ಕಲ್ಲಿನ ಗೋಡೆಯ ವಿಷಯ ಉಂಟು, ಅದನ್ನು ಅಂಗಡಿಯವರು ಹೇಳುದಿಲ್ಲ. ಒಂದು ಲೆಕ್ಕ ಹೇಳ್ತೇನೆ, 18 ಮಿ.ಮೀ. ದಪ್ಪದ ಗ್ರಾನೈಟ್ ಮೂರು ಅಡಿ ಉದ್ದ ಒಂದೂವರೆ ಅಡಿ ಅಗಲಕ್ಕೆ ಸುಮಾರು 20 ಕೆ.ಜಿ. ತೂಗ್ತದೆ, ಬೇಸಿನ್ ಹತ್ತು ಕೆ.ಜಿ. ಅಂತ ಹಿಡಿರಿ, ಪೆಟ್ಟಿಗೆ, ಒಳಗಿನ ಸಾಮಾನು, ಬೇಸಿನ್ ತುಂಬ ನೀರು, ಅದರ ಮೇಲೆ ಒಬ್ಬರು ಮುಂಗೈ ಊರಿ ನಿಲ್ಲುವ ಭಾರ. ಮುರಕಲ್ಲು ಕಾಂಕ್ರೀಟಿನ ಹಾಗಲ್ಲ, ಡ್ರಿಲ್ ಹಾಕಿದ್ರೆ ಪುಡಿ ಪುಡಿಯಾಗಿ ತೂತು ದೊಡ್ಡದಾಗ್ತದೆ, ಹಳೇ ಮನೆಯಲ್ಲಿ ಮಣ್ಣಿನ ಗಾರೆ ಆದ್ರೆ ಎರಡು ಕಲ್ಲಿನ ಸಂದಿಯಲ್ಲಿ ಬೋಲ್ಟ್ ನಿಲ್ಲುವುದೇ ಇಲ್ಲ. ತೂತಿಗೆ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ತಿರುಗಿಸಿ ಹೋಗುವವರನ್ನು ಒಪ್ಪಬೇಡಿ. ಟೈಲ್ಸ್ ಹಾಕುವ ಮೊದಲೇ ಗೋಡೆ ಕೊರೆದು ಗ್ಯಾಲ್ವನೈಸ್ ಮಾಡಿದ ಕಬ್ಬಿಣದ ಎಲ್ ಆ್ಯಂಗಲ್ ಎರಡು ಕೂರಿಸಿ ಸುತ್ತ ಕಾಂಕ್ರೀಟ್ ತುಂಬಿಸಿಡುವುದು ಎಲ್ಲಕ್ಕಿಂತ ಗಟ್ಟಿ, ಸ್ಲ್ಯಾಬಿನ ಹಿಂದಿನ ಅಂಚನ್ನೂ ಎರಡು ಮೂರು ಇಂಚು ಗೋಡೆ ಒಳಗೆ ತಳ್ಳಿ ಕೂರಿಸಿದ್ರೆ ಇನ್ನೂ ಒಳ್ಳೇದು. ಅಂದ್ರೆ ಕಲ್ಲಿನ ಭಾರ ಆ್ಯಂಗಲ್ ಹೊರಬೇಕು, ಪೆಟ್ಟಿಗೆ ತನ್ನ ಭಾರ ಮಾತ್ರ ಹೊತ್ತುಕೊಂಡಿರಬೇಕು. ನಾಳೆ ಪೆಟ್ಟಿಗೆ ಹಾಳಾದ್ರೂ ಬೇಸಿನ್ನು ಕಲ್ಲು ಅಲ್ಲೇ ನಿಲ್ತದೆ, ಬರೀ ಪೆಟ್ಟಿಗೆ ಬದಲಿಸಿದ್ರೆ ಆಯ್ತು.

ಟೈಲ್ಸ್ ಎಲ್ಲ ಆಗಿ ಹೋಗಿದೆ, ಗೋಡೆ ಒಡಿಲಿಕ್ಕೆ ಮನಸ್ಸಿಲ್ಲ ಅನ್ನುವವರು ಸ್ಟೀಲ್ ಕಾಲಿನ ಮೇಲೆ ನಿಲ್ಲುವಂಥದ್ದು ತಗೊಳ್ಳಬಹುದು, ಕಾಲು ಕನಿಷ್ಠ ಆರು ಇಂಚು ಎತ್ತರ ಇರ್ಲಿ, ಕಾಲಿನ ಮುಂದೆ ಪಟ್ಟಿ ಹೊಡೆದು ಮುಚ್ಚಬೇಡಿ.

ಇನ್ನು ಬೋರ್ಡಿನ ವಿಷಯ, ಇದೇ ದೊಡ್ಡ ತಲೆಬಿಸಿ. ಅಂಗಡಿಯಲ್ಲಿ ಎಲ್ಲದಕ್ಕೂ ವಾಟರ್‌ಪ್ರೂಫ್ ಅಂತ ಒಂದೇ ಮಾತು ಹೇಳ್ತಾರೆ, ನಾವು ಒಂದೊಂದಾಗಿ ಬಿಡಿಸಿ ಕೇಳಬೇಕು. ಪಾರ್ಟಿಕಲ್ ಬೋರ್ಡು ಮತ್ತೆ ಸಾಮಾನ್ಯ ಎಂಡಿಎಫ್, ಇವೆರಡೂ ಮರದ ಹುಡಿ, ನಾರು ಅಂಟಿನಲ್ಲಿ ಒತ್ತಿ ಮಾಡಿದ್ದು, ಮೇಲಿನ ಪೇಂಟೋ ಲ್ಯಾಮಿನೇಟೋ ಒಂದು ಕಡೆ ಬಿಟ್ರೆ ಸಾಕು ನೀರು ಎಳ್ಕೊಂಡು ಉಬ್ತದೆ, ಉಬ್ಬಿದ್ದು ಒಣಗಿದ್ರೂ ವಾಪಸು ಮೊದಲಿನ ಹಾಗೆ ಆಗುದಿಲ್ಲ. ನಮ್ಮ ಜಿಲ್ಲೆಯಲ್ಲಿ ಬಾತ್‌ರೂಮಿಗೆ ಇವು ಬೇಡ, ಎಷ್ಟು ಕಮ್ಮಿಗೆ ಸಿಕ್ಕಿದ್ರೂ ಬೇಡ. ಎಚ್‌ಡಿಎಚ್‌ಎಂಆರ್ ಅಂತ ಈಗ ಬರ್ತದೆ, ಅದೂ ಮರದ ನಾರಿನ ಬೋರ್ಡೇ, ಎಂಡಿಎಫಿಗಿಂತ ತುಂಬಾ ಗಟ್ಟಿ, ತೇವ ತಡಿತದೆ, ಅಡುಗೆಮನೆಯ ಕಪಾಟಿನ ಬಾಗಿಲಿಗೆ ಒಳ್ಳೇದು, ಆದ್ರೆ ತೇವ ತಡೆಯುದು ಬೇರೆ, ನೀರಲ್ಲಿ ನಿಲ್ಲುದು ಬೇರೆ.

ಪ್ಲೈವುಡ್ಡಲ್ಲಿ ಎಂಆರ್ ಅಂತ ಬರೆದದ್ದನ್ನು ನೋಡಿ ತುಂಬಾ ಜನ ಮೋಸ ಹೋಗ್ತಾರೆ. ಎಂಆರ್ ಅಂದ್ರೆ ಗಾಳಿಯ ತೇವಕ್ಕೆ ತಡಿತದೆ ಅಂತ ಮಾತ್ರ, ಬೆಡ್‌ರೂಮಿನ ವಾರ್ಡ್‌ರೋಬಿಗೆ ಸರಿ. ಬಾತ್‌ರೂಮಿಗೆ ಬೇಕಾದದ್ದು ಬಿಡಬ್ಲ್ಯೂಪಿ, ಅಂದ್ರೆ ಕುದಿಯುವ ನೀರಿಗೂ ತಡೆಯುವಂಥದ್ದು, ಅದರ ಐಎಸ್ ನಂಬರ್ 710, ಮರೈನ್ ಪ್ಲೈ ಅಂತ ಹೇಳುದು ಇದಕ್ಕೇ. ಇದನ್ನು 72 ಗಂಟೆ ಕುದಿಯುವ ನೀರಲ್ಲಿ ಹಾಕಿ ಪದರ ಬಿಡ್ತದಾ ಅಂತ ಪರೀಕ್ಷೆ ಮಾಡುವ ನಿಯಮ ಉಂಟು. ಶೀಟಿನ ಮೇಲೆ ಐಎಸ್‌ಐ ಗುರುತು, ಅದರ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರ್ತದೆ, ಆ ನಂಬರನ್ನು ಸರಕಾರದ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದ್ರೆ ಅದು ಯಾರ ಹೆಸರಿನ ಲೈಸೆನ್ಸು, ಚಾಲ್ತಿಯಲ್ಲಿ ಉಂಟಾ ಅಂತ ಗೊತ್ತಾಗ್ತದೆ. ಶೀಟ್ ಕಟ್ ಮಾಡುವ ಮೊದಲು ನೀವೇ ನೋಡಿ, ಕಟ್ ಮಾಡಿ ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗೆ ಎಂತ ಉಂಟು ಅಂತ ಹೇಳ್ಲಿಕ್ಕೆ ಯಾರಿಂದಲೂ ಆಗುದಿಲ್ಲ. ಮತ್ತೆ ಮರೈನ್ ಪ್ಲೈ ಆದ್ರೂ ಹಾಳಾಗುದು ಕೊರೆದ ಜಾಗದಿಂದಲೇ, ಪೈಪಿಗೆ ಮಾಡಿದ ತೂತು, ಹಿಂದಿನ ಅಂಚು, ತಳದ ಅಂಚು. ಮುಂದೆ ಕಾಣುವ ಕಡೆ ಎಡ್ಜ್ ಬ್ಯಾಂಡ್ ಚಂದಕ್ಕೆ ಹಾಕ್ತಾರೆ, ಕಾಣದ ಕಡೆ ಹಾಗೇ ಬಿಡ್ತಾರೆ. ಆರೂ ಬದಿಗೆ ಸೀಲ್ ಬೇಕು, ತೂತಿನ ಒಳಗಿಗೂ ಎಪಾಕ್ಸಿಯೋ ಪೇಂಟೋ ಹಚ್ಚಬೇಕು ಅಂತ ಮೊದಲೇ ಹೇಳಿ, ಎದುರು ನಿಂತು ಮಾಡಿಸಿ.

ಮಲ್ಟಿವುಡ್ ಅಂತ ನಮ್ಮ ಕಡೆ ಎಲ್ಲರೂ ಕರೆಯುವ ಪಿವಿಸಿ ಬೋರ್ಡು, ಅದರ ಜೊತೆ ಮರದ ಹುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಡಬ್ಲ್ಯೂಪಿಸಿ, ಇವಕ್ಕೆ ನೀರೂ ತಾಗುದಿಲ್ಲ ಒರಲೆಯೂ ಬರುದಿಲ್ಲ, ಈ ಎರಡು ಗುಣ ನಮಗೆ ಬಂಗಾರ. ಇದರ ಬಲಹೀನ ಜಾಗ ಸ್ಕ್ರೂ. ಹಗುರದ ಬೋರ್ಡಲ್ಲಿ ಹಿಂಜಸ್ ಸ್ಕ್ರೂ ಒಂದೆರಡು ವರ್ಷದಲ್ಲಿ ಲೂಸ್ ಆಗಿ ಬಾಗಿಲು ನೇತಾಡ್ತದೆ, ಉದ್ದ ಶೆಲ್ಫ್ ಮಾಡಿದ್ರೆ ನಡುವಲ್ಲಿ ಬಗ್ತದೆ. ಹಾಗಾಗಿ ಒಂದೇ ಅಳತೆಯ ಎರಡು ತುಂಡು ಕೈಯಲ್ಲಿ ಎತ್ತಿ ನೋಡಿ, ಭಾರ ಇದ್ದದ್ದು ತಗೊಳ್ಳಿ, 18 ಮಿ.ಮೀ.ಗಿಂತ ತೆಳು ಬೇಡ, ಎರಡು ಅಡಿಗಿಂತ ಉದ್ದದ ಶೆಲ್ಫಿಗೆ ನಡುವೆ ಒಂದು ಕಂಬ ಕೊಡಿ. ಆನ್‌ಲೈನಲ್ಲಿ ಸಿಗುವ ರೆಡಿಮೇಡ್ ಪಿವಿಸಿ ಕ್ಯಾಬಿನೆಟ್ಟಿನದ್ದು ಹೆಚ್ಚಾಗಿ ತೆಳು ಬೋರ್ಡು, ಬಾಡಿಗೆ ಮನೆಗೆ ಆದೀತು.

ಅಲ್ಯೂಮಿನಿಯಂ ಚೌಕಟ್ಟು ಮಾಡಿ ಎಸಿಪಿ ಶೀಟ್ (ಎರಡು ತೆಳು ಅಲ್ಯೂಮಿನಿಯಂ ಪದರದ ನಡುವೆ ಪ್ಲಾಸ್ಟಿಕ್ ಇರುವಂಥದ್ದು) ಹಾಕುವುದು ಕೇರಳದಲ್ಲಿ ಅಡುಗೆಮನೆಗೆಲ್ಲ ಮಾಡ್ತಾರೆ, ಫ್ಯಾಬ್ರಿಕೇಶನ್ ಕೆಲಸದವರು ಊರೂರಲ್ಲಿ ಇದ್ದಾರೆ, ಎರಡೇ ದಿನದಲ್ಲಿ ಮುಗಿಸಿ ಕೊಡ್ತಾರೆ. ನೀರು, ಒರಲೆ ಎರಡರ ಭಯವೂ ಇಲ್ಲ. ನೋಡ್ಲಿಕ್ಕೆ ಅಷ್ಟು ಚಂದ ಇಲ್ಲ, ಬಾಗಿಲು ಹಾಕುವಾಗ ಡಬ್ಬ ಬಡಿದ ಹಾಗೆ ಶಬ್ದ ಬರ್ತದೆ, ಶೀಟಿನ ಅಂಚು ಬಿಟ್ರೆ ಪದರ ಏಳ್ತದೆ, ಆದ್ರೆ ಹಾಳಾದ ಶೀಟ್ ಒಂದನ್ನೇ ತೆಗೆದು ಬೇರೆ ಹಾಕಬಹುದು ಅನ್ನುವುದು ದೊಡ್ಡ ಅನುಕೂಲ. ಪೌಡರ್ ಕೋಟಿಂಗ್ ಇರುವ ಸೆಕ್ಷನ್ನೇ ಕೇಳಿ, ಸಮುದ್ರದ ಹತ್ರದವರಂತೂ ಖಂಡಿತ.

ಫೆರೋಸಿಮೆಂಟ್ ಬಗ್ಗೆ ನಮ್ಮ ಕನ್ನಡದವರು ಹೆಚ್ಚು ಮಾತಾಡುದೇ ಇಲ್ಲ, ಯಾಕೆ ಅಂತ ಗೊತ್ತಿಲ್ಲ. ಕಬ್ಬಿಣದ ಜಾಲಿ ಇಟ್ಟು ಸಿಮೆಂಟ್ ಗಾರೆಯಲ್ಲಿ ಎರಕ ಹೊಯ್ದ ಒಂದು ಇಂಚಿನಷ್ಟು ದಪ್ಪದ ಹಲಗೆಗಳು, ಅವನ್ನು ನಿಲ್ಲಿಸಿ ಜೋಡಿಸಿ ಕಪಾಟು ಮಾಡುದು. ಕೇರಳದ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಕೆಳಗಿನ ಕಪಾಟೆಲ್ಲ ಇದೇ. ವ್ಯಾನಿಟಿಗೆ ಎರಡು ಪಕ್ಕದ ಹಲಗೆ, ನಡುವೆ ಒಂದು ಶೆಲ್ಫ್, ಮೇಲೆ ಗ್ರಾನೈಟ್, ಒಳಗೆ ಟೈಲ್ಸ್, ಮುಂದೆ ಅಲ್ಯೂಮಿನಿಯಂ ಫ್ರೇಮಿನ ಬಾಗಿಲು ಬೇಕಾದ್ರೆ ಹಾಕಿ ಬೇಡದಿದ್ರೆ ಬಿಡಿ. ಬಕೆಟ್ಟಲ್ಲಿ ನೀರು ಎರಚಿ ತೊಳಿಬಹುದು. ಭಾರ ಜಾಸ್ತಿ ಆದ ಕಾರಣ ತೂಗು ಹಾಕ್ಲಿಕ್ಕೆ ಆಗುದಿಲ್ಲ, ನೆಲದಿಂದಲೇ ಎಬ್ಬಿಸಬೇಕು, ಆದ್ರೆ ಸಿಮೆಂಟಿಗೆ ನೆಲದ ನೀರು ತಾಗಿದ್ರೆ ಎಂತದೂ ಆಗುದಿಲ್ಲವಲ್ಲ. ಒಮ್ಮೆ ಕೂರಿಸಿದ ಮೇಲೆ ಅಳತೆ ಬದಲಿಸ್ಲಿಕ್ಕೆ ಸಾಧ್ಯ ಇಲ್ಲ, ಅದೊಂದು ನೆನಪಿರ್ಲಿ.

ಸ್ಟೀಲ್ ಕ್ಯಾಬಿನೆಟ್ ತಗೊಳ್ಳುವವರಿಗೆ ಒಂದು ಮಾತು, ಆಯಸ್ಕಾಂತ ಹಿಡಿದು ನೋಡಿ ಅಂಟದಿದ್ರೆ 304 ಅಂತ ಅಂಗಡಿಯವರು ತೋರಿಸ್ತಾರಲ್ಲ, ಅದನ್ನು ನಂಬಬೇಡಿ, 202 ಗ್ರೇಡಿನದ್ದಕ್ಕೂ ಆಯಸ್ಕಾಂತ ಸರಿ ಹಿಡಿಯುದಿಲ್ಲ. 304ರಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್ ಇರ್ತದೆ, 202ರಲ್ಲಿ ನಿಕ್ಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಹಾಕಿರ್ತಾರೆ, ಅದು ಉಪ್ಪು ಗಾಳಿಗೆ ಬೇಗ ತುಕ್ಕಿನ ಚುಕ್ಕೆ ಬಿಡ್ತದೆ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ.

ನಮ್ಮ ಹಿತ್ತಿಲಲ್ಲಿ ಹಲಸಿನ ಮರ ಬಿದ್ದದ್ದು ಉಂಟು, ಸೀಳಿಸಿ ಇಟ್ಟಿದ್ದೇವೆ, ಅದರಲ್ಲೇ ಮಾಡಿಸಬಹುದಾ ಅಂತ ಕೇಳುವವರು ನಮ್ಮಲ್ಲಿ ತುಂಬಾ ಇದ್ದಾರೆ. ಮುಚ್ಚಿದ ಪೆಟ್ಟಿಗೆಯಾಗಿ ಬೇಡ, ಗಟ್ಟಿ ಮರ ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುವುದು ಅದರ ಸ್ವಭಾವ, ಬಾಗಿಲು ಒಂದು ಸರ್ತಿ ಸಿಕ್ಕಿಹಾಕಿಕೊಳ್ತದೆ, ಇನ್ನೊಂದು ಸರ್ತಿ ಸಂದು ಬಿಡ್ತದೆ. ಆದ್ರೆ ಸ್ಲ್ಯಾಬಿನ ಕೆಳಗೆ ಪಟ್ಟಿ ಪಟ್ಟಿಯಾಗಿ, ನಡುವೆ ಅರ್ಧ ಇಂಚು ಬಿಟ್ಟು ಹೊಡೆದ ತೆರೆದ ಶೆಲ್ಫಿಗೆ ಹಲಸು, ತೇಗ, ಹೆಬ್ಬಲಸು ಎಲ್ಲ ಚಂದ. ಟವೆಲ್ಲು, ಬುಟ್ಟಿ ಇಡ್ಲಿಕ್ಕೆ ಆಗ್ತದೆ, ಗಾಳಿ ಆಡುದರಿಂದ ಬೂಸ್ಟೂ ಹಿಡಿಯುದಿಲ್ಲ.

ಖರ್ಚು ಹೇಗೆ ಅಂತ ಕೇಳಿದ್ರೆ, ನಮಗೆ ಸಿಕ್ಕಿದ ಕೊಟೇಶನ್‌ಗಳಲ್ಲಿ ಎಂಡಿಎಫ್ ರೆಡಿಮೇಡ್ ಎಲ್ಲಕ್ಕಿಂತ ಕೆಳಗೆ, ಅದರ ಮೇಲೆ ತೆಳು ಪಿವಿಸಿ, ಆಮೇಲೆ ಫೆರೋಸಿಮೆಂಟ್ ಮತ್ತೆ ಅಲ್ಯೂಮಿನಿಯಂ, ಆಮೇಲೆ ಒಳ್ಳೆ ಮಲ್ಟಿವುಡ್, ಅದರ ಮೇಲೆ ಲ್ಯಾಮಿನೇಟ್ ಹಾಕಿದ ಮರೈನ್ ಪ್ಲೈ, ಎಲ್ಲಕ್ಕಿಂತ ಮೇಲೆ 304 ಸ್ಟೀಲ್. ಚದರ ಅಡಿಗೆ ಇಷ್ಟು ಅಂತ ಹೇಳಿದ್ರೆ ಅದು ಮುಂಭಾಗದ ಚದರ ಅಡಿಯಾ, ಉಪಯೋಗಿಸಿದ ಬೋರ್ಡಿನದ್ದಾ ಅಂತ ಕೇಳಿ, ಎರಡರಲ್ಲಿ ರೇಟು ಎಲ್ಲಿಂದ ಎಲ್ಲಿಗೋ ಹೋಗ್ತದೆ. ಹಿಂಜಸ್, ಹ್ಯಾಂಡಲ್, ಸಾಗಾಟ, ಫಿಟ್ಟಿಂಗ್ ಸೇರಿದೆಯಾ ಅಂತಲೂ. ಇಲ್ಲಿ ಕೊಟೇಶನ್ ಹೆಚ್ಚಾಗಿ ಮಲಯಾಳದಲ್ಲಿ ಬರಿತಾರೆ, ಓದ್ಲಿಕ್ಕೆ ಬಾರದ ಹಿರಿಯರು ಮಕ್ಕಳ ಹತ್ರ ಓದಿಸಿ ಬೋರ್ಡಿನ ಹೆಸರು, ದಪ್ಪ, ನಂಬರ್ ಕನ್ನಡದಲ್ಲಿ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಈಗ ಬೇಸಿನ್. ಈಗಿನ ಕಾಲದಲ್ಲಿ ಎಲ್ಲರಿಗೂ ಟೇಬಲ್ ಟಾಪ್ ಬೇಸಿನ್ ಇಷ್ಟ, ಕಲ್ಲಿನ ಮೇಲೆ ಬೋಗುಣಿ ಇಟ್ಟ ಹಾಗೆ ಕೂರುದು. ಚಂದ ಉಂಟು, ನಾನು ಇಲ್ಲ ಹೇಳುದಿಲ್ಲ. ಆದ್ರೆ ಅದರ ಲೆಕ್ಕ ಕೇಳಿ. ನಿಂತು ಮುಖ ತೊಳಿಲಿಕ್ಕೆ ಬೇಸಿನ್ನಿನ ಮೇಲಿನ ಅಂಚು ನೆಲದಿಂದ 32-33 ಇಂಚಿಗೆ ಬರಬೇಕು, ಬೇಸಿನ್ ಎತ್ತರವೇ 5 ಇಂಚು ಆದ್ರೆ ಕಲ್ಲು 28 ಇಂಚಿಗೆ ಇಳಿಬೇಕು, ಕೆಳಗೆ 10 ಇಂಚು ಖಾಲಿ ಬಿಟ್ರೆ ಪೆಟ್ಟಿಗೆಗೆ ಸಿಗುದು 17 ಇಂಚು, ಅದರಲ್ಲಿ ಬೇಸಿನ್ನಿನ ಅಡಿಗೆ ಬರುವ, ವಾಸನೆ ತಡೆಯುವ ಬಾಟಲ್ ಟ್ರ್ಯಾಪ್ ಅರ್ಧ ಜಾಗ ತಿಂತದೆ. ಅದೇ ಕಲ್ಲಿನ ಅಡಿಯಿಂದ ಕೂರಿಸುವ ಅಂಡರ್ ಕೌಂಟರ್ ಆದ್ರೆ ಕಲ್ಲೇ 33 ಇಂಚಿಗೆ ನಿಲ್ತದೆ, ಪೆಟ್ಟಿಗೆ 22 ಇಂಚು. ತುಂಬಾ ಕಡೆ ಕಲ್ಲು ಮೊದಲೇ 32 ಇಂಚಿಗೆ ಕೂರಿಸಿ ಆಮೇಲೆ ಟೇಬಲ್ ಟಾಪ್ ತಂದು ಇಡ್ತಾರೆ, 37 ಇಂಚಿನ ಬೇಸಿನ್ನಿಗೆ ಕೈ ಎತ್ತಿ ತೊಳಿಬೇಕು, ನೀರೆಲ್ಲ ಮೊಣಕೈಯಿಂದ ಕೆಳಗೆ ಇಳಿದು ಅಂಗಿ ಒದ್ದೆ, ಮಕ್ಕಳಿಗೆ ಎಟಕುದೇ ಇಲ್ಲ.

ತೊಳೆಯುವ ಲೆಕ್ಕದಲ್ಲೂ ಅಂಡರ್ ಕೌಂಟರ್ರೇ ವಾಸಿ, ಕಲ್ಲಿನ ಮೇಲೆ ಬಿದ್ದ ನೀರನ್ನು ಕೈಯಲ್ಲೇ ಬೇಸಿನ್ನಿಗೆ ಎಳಿಬಹುದು, ಟೇಬಲ್ ಟಾಪಿನ ಬುಡದಲ್ಲಿ ಸುತ್ತ ಕಪ್ಪು ಗೆರೆ ಕೂತು ಆಟಿ ತಿಂಗಳಿಗಾಗುವಾಗ ಬೂಸ್ಟು. ಒಂದೇ, ಅಂಡರ್ ಕೌಂಟರ್ ಬೇಸಿನ್ನನ್ನು ಬರೀ ಸಿಲಿಕೋನಿನಲ್ಲಿ ಅಂಟಿಸಿ ಬಿಡಬಾರದು, ಕೆಳಗಿಂದ ಕ್ಲ್ಯಾಂಪೋ ಪಟ್ಟಿಯೋ ಆಧಾರ ಕೊಡಲೇಬೇಕು. ಸಿಲಿಕೋನ್ ಕೂಡ ಬೂಸ್ಟು ಹಿಡಿಯದ ಸ್ಯಾನಿಟರಿ ಗ್ರೇಡಿನದ್ದು ಕೇಳಿ, ವಿನೆಗರ್ ವಾಸನೆ ಬರುವಂಥದ್ದು ಮಾರ್ಬಲ್ಲಿಗೆ ಬೇಡ, ಕಲೆ ಬೀಳ್ತದೆ.

ನಲ್ಲಿ ವಿಷಯ ಬೇಸಿನ್ ಜೊತೆಗೇ ತೀರ್ಮಾನ ಆಗಬೇಕು. ನಮ್ಮ ಮನೆಗೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಪೈಪಲ್ಲಿ ತನ್ನಷ್ಟಕ್ಕೆ ಇಳಿದು ಬರುದು, ಎಣ್ಮಕಜೆ, ಪೈವಳಿಕೆ, ಬಾಯಾರು ಕಡೆಯವರಿಗೆ ಇದು ಗೊತ್ತೇ ಉಂಟು. ನೀರಿನ ಒತ್ತಡ ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಲೆಕ್ಕ, ಟ್ಯಾಂಕ್ ಬರೀ ಮೂರು ಮೀಟರ್ ಮೇಲೆ ಇದ್ದರೆ ಸಿಗುವುದು 0.3 ಬಾರ್ ಮಾತ್ರ. ಅಷ್ಟರಲ್ಲಿ ಆ ಉದ್ದ ಕುತ್ತಿಗೆಯ ಮಿಕ್ಸರ್, ಸಣ್ಣ ತೂತಿನ ಜಾಲಿ ಇರುವ ನಲ್ಲಿಯಲ್ಲಿ ನೀರು ಹನಿ ಹನಿಯಾಗಿ ಬರ್ತದೆ. ಅಂಗಡಿಯಲ್ಲಿ ಪಂಪಿನ ಒತ್ತಡದಲ್ಲಿ ತೋರಿಸಿದ್ದು ನೋಡಿ ಮರುಳಾಗಬೇಡಿ, ಸಾದಾ ಪಿಲ್ಲರ್ ಕಾಕ್ ನಮ್ಮಂಥವರಿಗೆ ಸಾಕು. ನಲ್ಲಿಯ ನೀರು ಬೇಸಿನ್ನಿನ ತೂತಿನ ಹತ್ರವೇ ಬೀಳಬೇಕು, ಮುಂದಿನ ಇಳಿಜಾರಿಗೆ ಬಿದ್ರೆ ಹೊಟ್ಟೆಗೆ ಹಾರ್ತದೆ.

ಕಲ್ಲು ಆರಿಸುವಾಗ ನಿಮ್ಮ ನೀರು ಯಾವುದು ನೋಡಿ. ಬಾವಿ, ಸುರಂಗದ ಮೆದು ನೀರಾದ್ರೆ ಕಪ್ಪು ಗ್ರಾನೈಟ್ ವರ್ಷಗಟ್ಟಲೆ ಹಾಗೇ ಇರ್ತದೆ. ಬೋರ್ ನೀರಲ್ಲಿ ಕಬ್ಬಿಣದ ಅಂಶ ಇದ್ದು ಬಕೆಟ್ಟಿನ ಒಳಗೆ ಕೆಂಪು ಪಟ್ಟಿ ಕೂರ್ತದೆ ಅಂತಾದ್ರೆ ಬಿಳಿ ಕ್ವಾರ್ಟ್ಜ್, ನ್ಯಾನೋ ವೈಟ್ ಎಲ್ಲ ಬೇಡ, ಕಂದು, ಬೂದು ಬಣ್ಣದ ಗ್ರಾನೈಟ್ ತಗೊಳ್ಳಿ. ಸಮುದ್ರ, ಹೊಳೆಬಾಗಿಲಿನ ಹತ್ರದ ಉಪ್ಪು ನೀರಿಗೆ ಕಪ್ಪು ಕಲ್ಲಲ್ಲಿ ಬಿಳಿ ಕಲೆ ಕಾಣ್ತದೆ, ಅಲ್ಲಿಗೂ ಬೂದೇ ಒಳ್ಳೇದು. ಮಾರ್ಬಲ್, ಕಡಪ ಕಲ್ಲು ಎರಡೂ ಸುಣ್ಣದ ಜಾತಿಯವು, ಲಿಂಬೆ ಹುಳಿ ಬಿದ್ರೂ ಹೊಳಪು ಹೋಗ್ತದೆ. ಅರಶಿನ ಹಚ್ಚಿ ಮುಖ ತೊಳೆಯುವ ಮನೆಯಲ್ಲಿ ತೀರಾ ಬಿಳಿ ಕೌಂಟರ್ ಯಾಕೆ ಅಂತ ನನ್ನ ಪ್ರಶ್ನೆ. ಕಲ್ಲು ಬಾಗಿಲಿಗಿಂತ ಮುಕ್ಕಾಲು ಇಂಚು ಮುಂದೆ ಬರ್ಲಿ, ಮುಂದಿನ ಅಂಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ಹಾಕಿಸಿ, ಸನ್‌ಶೇಡಿನ ಅಡಿಯಲ್ಲಿ ಹಾಕ್ತಾರಲ್ಲ ಹಾಗೆ. ಅಂಚಿನಿಂದ ಇಳಿದ ನೀರು ಆ ಗೀರಿನಲ್ಲಿ ತುಂಡಾಗಿ ಕೆಳಗೆ ಬೀಳ್ತದೆ, ಒಳಗೆ ಹರಿದು ಪೆಟ್ಟಿಗೆಗೆ ಹೋಗುದಿಲ್ಲ. ಈ ಒಂದು ಗೀರಿನಿಂದ ಎಷ್ಟು ಪೆಟ್ಟಿಗೆ ಉಳಿತದೋ, ಆದ್ರೂ ಯಾರೂ ತಾನಾಗಿ ಹಾಕುದಿಲ್ಲ, ಹೇಳಿ ಹಾಕಿಸಬೇಕು.

ಪೆಟ್ಟಿಗೆಯ ಒಳಗಿನ ಲೀಕಿನ ಬಗ್ಗೆಯೂ ಹೇಳಬೇಕು, ಮೇಲಿಂದ ಬೀಳುವ ನೀರಿಗಿಂತ ಇದು ಅಪಾಯ, ಕಾಣುದಿಲ್ಲ. ಬೇಸಿನ್ನಿನ ತೂತಿಗೆ ಹಾಕುವ ವೇಸ್ಟ್ ಕಪ್ಲಿಂಗಿನಲ್ಲಿ ಹಾಫ್ ಥ್ರೆಡ್, ಫುಲ್ ಥ್ರೆಡ್ ಅಂತ ಎರಡುಂಟು, ಮೇಲೆ ನೀರು ತುಂಬಿದ್ರೆ ಹೋಗುವ ತೂತು ಇರುವ ಬೇಸಿನ್ನಿಗೆ ಹಾಫ್, ಆ ತೂತು ಇಲ್ಲದ್ದಕ್ಕೆ ಫುಲ್. ಟೇಬಲ್ ಟಾಪಿನಲ್ಲಿ ಹೆಚ್ಚಿನದ್ದಕ್ಕೆ ತೂತು ಇರುದಿಲ್ಲ. ಅದಲು ಬದಲಾದ್ರೆ ತೊಟ್ಟಿಕ್ಕುತ್ತಲೇ ಇರ್ತದೆ, ಇಲ್ಲದಿದ್ರೆ ತುಂಬಿದ ನೀರು ಹೋಗ್ಲಿಕ್ಕೆ ದಾರಿ ಇಲ್ಲದೆ ಆಗ್ತದೆ. ಟ್ರ್ಯಾಪ್ ಬಿಚ್ಚಿ ತೊಳಿಲಿಕ್ಕೆ ಕೈ ಹೋಗುವಷ್ಟು ಜಾಗ, ನೀರು ಬಂದ್ ಮಾಡುವ ಆ್ಯಂಗಲ್ ಕಾಕ್ ತಿರುಗಿಸ್ಲಿಕ್ಕೆ ಬೆರಳು ಹೋಗುವಷ್ಟು ಜಾಗ ಬಿಡಿಸಿ, ಡ್ರಾಯರ್ ಬೇಕು ಅಂದ್ರೆ ಟ್ರ್ಯಾಪಿಗೆ ಅಡ್ಡ ಆಗದ ಹಾಗೆ ಯು ಆಕಾರದಲ್ಲಿ ಕತ್ತರಿಸಬೇಕು, ನನಗಂತೂ ಡ್ರಾಯರಿಗಿಂತ ಬಾಗಿಲೇ ಇಷ್ಟ. ಹಳೇ ಮನೆಯಲ್ಲಿ ವೇಸ್ಟ್ ಪೈಪ್ ಗೋಡೆಗೆ ಹೋಗದೆ ನೆಲದ ಜಾಲಿಗೆ ಇಳಿತದೆ, ಅಂಥಲ್ಲಿ ತೂಗು ಪೆಟ್ಟಿಗೆ ಹಾಕಿದ್ರೆ ಪೈಪ್ ಕೆಳಗೆ ನೇತಾಡಿ ಕಾಣ್ತದೆ, ಗೋಡೆ ಕೊರೆಯುವ ಕೆಲಸ ಹೇಗೂ ಇದ್ರೆ ಆ ಪೈಪನ್ನೂ ಗೋಡೆಗೆ ತಿರುಗಿಸಿಬಿಡಿ.

ಇನ್ನೊಂದು ವಿಷಯ ನಮಗೆ ತುಂಬಾ ತಡವಾಗಿ ತಿಳಿದದ್ದು. ಟಾಯ್ಲೆಟ್ ತೊಳೆಯುವ ಆಸಿಡ್ ಬಾಟ್ಲಿಯನ್ನು ವ್ಯಾನಿಟಿಯ ಒಳಗೆ ಇಡಬೇಡಿ. ಅದು ಹೈಡ್ರೋಕ್ಲೋರಿಕ್ ಆಸಿಡ್, ಮುಚ್ಚಳ ಸರಿ ಇಲ್ಲದಿದ್ರೆ ಅದರ ಹೊಗೆಯೇ ಸಾಕು, ಮುಚ್ಚಿದ ಪೆಟ್ಟಿಗೆಯಲ್ಲಿ ಹಿಂಜಸ್, ಕನೆಕ್ಷನ್ ಪೈಪಿನ ತುದಿ, ಆ್ಯಂಗಲ್ ಕಾಕ್ ಎಲ್ಲ ತುಕ್ಕು ಹಿಡಿತದೆ, ಸ್ಟೇನ್‌ಲೆಸ್ ಸ್ಟೀಲ್ ಆದ್ರೂ ಬಿಡುದಿಲ್ಲ. ಹೊರಗೆ ಗಾಳಿ ಇರುವಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಹಿಂಜಸ್ ಅಂತೂ ಬೋರ್ಡು ಯಾವುದೇ ಇರ್ಲಿ 304 ಸ್ಟೀಲಿನದ್ದೇ ಕೇಳಿ, ಕಬ್ಬಿಣಕ್ಕೆ ನಿಕ್ಕಲ್ ಬಣ್ಣ ಕೊಟ್ಟದ್ದು ಒಂದು ಮಳೆಗಾಲ ಕಳೆದ ಮೇಲೆ ಕಿರ್ ಅಂತ ಶುರು ಮಾಡ್ತದೆ.

ಅಗಲ ಎಷ್ಟು ಬೇಕು ಅಂತ ಕೇಳಿದ್ರೆ, ಅಂಗಡಿಯಲ್ಲಿ 18, 24, 30, 36 ಇಂಚು ಹೀಗೆ ಸಿಗ್ತದೆ. ಬೇಸಿನ್ ಮುಂದೆ ಬಗ್ಗಿ ನಿಲ್ಲಲಿಕ್ಕೆ ಎರಡರಿಂದ ಎರಡೂವರೆ ಅಡಿ ಖಾಲಿ ಬೇಕು, ಬಾತ್‌ರೂಮಿನ ಬಾಗಿಲು ತೆಗೆದಾಗ ಪೆಟ್ಟಿಗೆಯ ಮೂಲೆಗೆ ತಾಗಬಾರದು. ಪೇಪರ್ ಕತ್ತರಿಸಿ ನೆಲದಲ್ಲಿ ಅಂಟಿಸಿ ಒಂದು ದಿನ ಅದರ ಸುತ್ತ ಓಡಾಡಿ ನೋಡಿ, ತಂಗಿಯ ಮನೆಯಲ್ಲಿ 36 ಅಂತ ಇದ್ದದ್ದು ಹೀಗೆ ಮಾಡಿದ ಮೇಲೆ 30ಕ್ಕೆ ಇಳಿತು.

ಕೊನೆಗೆ ನಾವು ಎಂತ ಮಾಡಿದೆವು ಅಂದ್ರೆ, ಕುಂಬಳೆಯಲ್ಲಿ ಸಮುದ್ರದ ಗಾಳಿ, ಆದ್ರೆ ಸ್ನಾನದ ಜಾಗಕ್ಕೆ ಗಾಜು ಉಂಟು, ಅಲ್ಲಿಗೆ 18 ಮಿ.ಮೀ. ಮಲ್ಟಿವುಡ್ಡಿನ ತೂಗು ಪೆಟ್ಟಿಗೆ, ಬೂದು ಗ್ರಾನೈಟ್, ಅಂಡರ್ ಕೌಂಟರ್ ಬೇಸಿನ್. ಭಾವನಿಗೆ ಮರೈನ್ ಪ್ಲೈ ಮೇಲೆ ಮನಸ್ಸಿತ್ತು, ಅದೂ ತಪ್ಪಲ್ಲ, ಆದ್ರೆ ಒರಲೆಯ ಕಾಟ ಅವರ ಜಾಗದಲ್ಲಿ ಮೊದಲಿಂದಲೇ ಇದ್ದ ಕಾರಣ ಬಿಟ್ರು. ನಮ್ಮ ಮನೆಯ ಮೇಲಿನ ಬಾತ್‌ರೂಮಿಗೆ ಅಲ್ಯೂಮಿನಿಯಂ. ಅಪ್ಪ ಅಮ್ಮನ ಬಾತ್‌ರೂಮಿಗೆ ಪೆಟ್ಟಿಗೆ ಹಾಕ್ಲೇ ಇಲ್ಲ, ಗೋಡೆಯಲ್ಲಿ ಎರಡು ದಪ್ಪ ಆ್ಯಂಗಲ್, ಮೇಲೆ ಮೂಲೆ ದುಂಡು ಮಾಡಿದ ಕಪ್ಪು ಗ್ರಾನೈಟ್ 31 ಇಂಚು ಎತ್ತರಕ್ಕೆ, ಅಮ್ಮನ ಅಳತೆ ತಗೊಂಡೇ ಕೂರಿಸಿದ್ದು. ಕೆಳಗೆ ಹಲಸಿನ ಪಟ್ಟಿಯ ಶೆಲ್ಫ್, ಒಂದು ಬದಿಗೆ ಹಿಡ್ಕೊಳ್ಳಿಕ್ಕೆ ಸ್ಟೀಲಿನ ಸರಳು, ಯಾಕಂದ್ರೆ ಮಂಡಿ ನೋವಿರುವವರು ಯಾವುದು ಎದುರು ಸಿಗ್ತದೋ ಅದನ್ನು ಹಿಡಿತಾರೆ, ಬೇಸಿನ್ ಹಿಡಿಯುವ ಬದಲು ಆ ಸರಳು ಸಿಗ್ಲಿ ಅಂತ. ಮೇಸ್ತ್ರಿ ಮೊದಲ ದಿನ ಆ್ಯಂಗಲ್ ಕೂರಿಸಿ ಕಾಂಕ್ರೀಟ್ ತುಂಬಿಸಿದ ಮೇಲೆ ಒಂದು ವಾರ ನೀರು ಹಾಕಿ ಹಾಗೇ ಬಿಟ್ಟೆವು, ಆಮೇಲೆ ಅದರ ಮೇಲೆ ಎರಡು ಸಿಮೆಂಟ್ ಚೀಲ, ಅಂದ್ರೆ ನೂರು ಕೆ.ಜಿ., ಒಂದು ರಾತ್ರಿ ಇಟ್ಟು ನೋಡಿ, ಬೆಳಿಗ್ಗೆ ಲೆವೆಲ್ ಹಿಡಿದು ಕೂದಲಷ್ಟೂ ಇಳಿದಿಲ್ಲ ಅಂತ ಗೊತ್ತಾದ ಮೇಲೆಯೇ ಕಲ್ಲು ಇಡ್ಲಿಕ್ಕೆ ಹೇಳಿದ್ದು.